ಸಮಾಸಪದಗಳನ್ನು ಬಿಡಿಸಿ ಓದುವ ಕ್ರಮ: ಗೀತೆ, ಸಹಸ್ರನಾಮ, ಉಪನಿಷತ್ತುಗಳ ಓದುಗರಿಗೆ

ತುಮಕೂರು ಜಿಲ್ಲೆಯ ಪಾರಾಯಣ ಮಂಡಳಿಗಳಲ್ಲಿ ಗೀತೆಯನ್ನೋ ಸಹಸ್ರನಾಮವನ್ನೋ ಬಾಯಿಪಾಠವಾಗಿ ಹೇಳಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಅರ್ಧ ಶ್ಲೋಕದಷ್ಟು ಉದ್ದವಿರುವ ಪದವನ್ನು ಎಲ್ಲಿ ಬಿಡಿಸಬೇಕು, ಬಿಡಿಸಿದ ಮೇಲೆ ಯಾವ ಸಂಬಂಧದಿಂದ ಜೋಡಿಸಿ ಅರ್ಥ ಹೇಳಬೇಕು? ಬಿಡಿ ಪದಗಳ ಅರ್ಥ ಕನ್ನಡಿಗರಿಗೆ ಬಹುಪಾಲು ಗೊತ್ತೇ ಇರುತ್ತದೆ. ರಾಗ, ಭಯ, ಕ್ರೋಧ, ಫಲ, ಹೇತು ಇವೆಲ್ಲ ನಮ್ಮ ಮಾತಿನಲ್ಲೇ ಇವೆ. ತೊಡಕಿರುವುದು ಅವುಗಳ ನಡುವಿನ ಸಂಬಂಧದಲ್ಲಿ. ಸಮಾಸವಾದಾಗ ಒಳಗಿನ ಪದಗಳ ವಿಭಕ್ತಿಪ್ರತ್ಯಯಗಳು ಲೋಪವಾಗುತ್ತವೆ, ಪಾಣಿನಿಯ ‘ಸುಪೋ ಧಾತುಪ್ರಾತಿಪದಿಕಯೋಃ’ (2.4.71) ಎಂಬ ಸೂತ್ರ ವಿಧಿಸುವುದು ಇದನ್ನೇ. ಹೀಗೆ ಲೋಪವಾದ ಸಂಬಂಧವನ್ನು ಓದುವವರೇ ಮರಳಿ ತುಂಬಿಕೊಳ್ಳಬೇಕಾಗುತ್ತದೆ, ಮತ್ತು ಊಹೆಯಿಂದ ತುಂಬಿಕೊಂಡರೆ ಅರ್ಥ ತಪ್ಪುತ್ತದೆ, ಕೆಲವೊಮ್ಮೆ ತಿರುವುಮುರುವಾಗುತ್ತದೆ. ಊಹೆಯ ಬದಲು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲಿಗೆ ನಾಲ್ಕು ಪಾರಿಭಾಷಿಕ ಪದಗಳನ್ನು ತಿಳಿದುಕೊಳ್ಳಿ. ಸಮಾಸದ ಮೊದಲ ಭಾಗ ಪೂರ್ವಪದ, ಕೊನೆಯ ಭಾಗ ಉತ್ತರಪದ. ಸಮಾಸವನ್ನು ಬಿಡಿಸಿ, ಲೋಪವಾದ ವಿಭಕ್ತಿಯನ್ನು ಸೇರಿಸಿ ಹೇಳುವ ವಾಕ್ಯ ವಿಗ್ರಹವಾಕ್ಯ. ಶ್ಲೋಕದಲ್ಲಿ ಕೂಡಿಕೊಂಡಿರುವ ಪದಗಳನ್ನು ಸಂಧಿ ಕಳೆದು ಬೇರೆಬೇರೆಯಾಗಿ ಬರೆಯುವುದು ಪದಚ್ಛೇದ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಪದಚ್ಛೇದ ಮತ್ತು ಪ್ರತಿಪದಾರ್ಥ ಇರುವ ಒಂದು ಮುದ್ರಿತ ಪಾಠ, ಒಂದು ಸಂಸ್ಕೃತ ನಿಘಂಟು, ರಾಮ, ಹರಿ, ರಮಾ, ವನ ಮೊದಲಾದ ಶಬ್ದಗಳ ವಿಭಕ್ತಿರೂಪಗಳ ಪಟ್ಟಿ, ಒಂದು ನೋಟ್‌ಬುಕ್ಕು ಇವಿಷ್ಟು ಸಾಕು. ವಿಭಕ್ತಿರೂಪಗಳ ಪರಿಚಯವೇ ಇಲ್ಲದವರು ಮೊದಲು ಅದನ್ನು ಕಲಿಯುವುದು ಒಳ್ಳೆಯದು, ಏಕೆಂದರೆ ಮುಂದಿನ ಎಲ್ಲ ಹಂತಗಳೂ ಅದರ ಮೇಲೆ ನಿಂತಿವೆ. ಸಿದ್ಧಗಂಗಾ ಮಠದಲ್ಲಿ ಸಂಸ್ಕೃತ ಪಾಠಶಾಲೆ ಇರುವ ಜಿಲ್ಲೆಯಲ್ಲಿ ಇಂಥ ಸಂದೇಹಗಳನ್ನು ಕೇಳಿ ತಿಳಿಯಲು ವಿದ್ವಾಂಸರು ಸಿಗುವುದು ಕಷ್ಟವಲ್ಲ.

1. ಅದು ಸಮಾಸವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಉದ್ದವಾಗಿ ಕಾಣುವ ಪದಗಳೆಲ್ಲ ಸಮಾಸಗಳಲ್ಲ. ಕೆಲವು ಸಂಧಿಯಿಂದಷ್ಟೇ ಅಂಟಿಕೊಂಡಿರುತ್ತವೆ. ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಛಾಂದೋಗ್ಯೋಪನಿಷತ್ತಿನ ‘ತತ್ತ್ವಮಸಿ’. ‘ತತ್ತ್ವಜ್ಞಾನ’ ಎಂಬ ಪದದ ಅಭ್ಯಾಸವಿರುವ ಕಣ್ಣಿಗೆ ಇಲ್ಲಿಯೂ ‘ತತ್ತ್ವ’ ಎಂಬ ಶಬ್ದವೇ ಕಾಣುತ್ತದೆ. ಆದರೆ ಇದು ತತ್, ತ್ವಮ್, ಅಸಿ ಎಂಬ ಮೂರು ಸ್ವತಂತ್ರ ಪದಗಳುಳ್ಳ ಒಂದು ಪೂರ್ಣ ವಾಕ್ಯ, ‘ಅದು ನೀನಾಗಿದ್ದೀಯೆ’ ಎಂದರ್ಥ. ‘ತತ್ತ್ವಜ್ಞಾನ’ವಾದರೋ ತತ್ತ್ವಸ್ಯ ಜ್ಞಾನಮ್ ಎಂಬ ಸಮಾಸ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು; ಅದನ್ನು ಹುಟ್ಟಿಸುವುದು ಮುದ್ರಣದ ರೂಢಿ. ಸಂಕಲ್ಪದಲ್ಲಿ ನಾವು ಹೇಳುವ ‘ಮಮೋಪಾತ್ತ ಸಮಸ್ತ ದುರಿತಕ್ಷಯದ್ವಾರಾ’ ಎಂಬುದನ್ನು ಪುಸ್ತಕಗಳು ಹೀಗೆ ಬಿಡಿಯಾಗಿಯೇ ಅಚ್ಚು ಹಾಕುತ್ತವೆ. ಆದರೆ ಸಂಸ್ಕೃತ ವಾಕ್ಯದಲ್ಲಿ ವಿಭಕ್ತಿಯಿಲ್ಲದ ನಾಮಪದ ಒಂಟಿಯಾಗಿ ನಿಲ್ಲಲಾರದು. ‘ಉಪಾತ್ತ’, ‘ಸಮಸ್ತ’ ಇವೆರಡಕ್ಕೂ ವಿಭಕ್ತಿ ಇಲ್ಲ, ಆದ್ದರಿಂದ ಅವು ಮುಂದಿನ ಪದದೊಂದಿಗೆ ಸೇರಿದವು ಎಂದು ತಿಳಿಯಬೇಕು. ‘ನಾನು ಗಳಿಸಿಕೊಂಡ ಸಮಸ್ತ ದುರಿತಗಳ ಕ್ಷಯದ ಮೂಲಕ’ ಎಂಬುದು ಆಗ ಸಿಗುವ ಅರ್ಥ. ವಿಭಕ್ತಿಯಿಲ್ಲದ ಪದ ಕಂಡಲ್ಲಿ ಸಮಾಸವನ್ನು ಶಂಕಿಸಿ ಎಂಬುದೇ ಈ ಹಂತದ ಮುಖ್ಯ ಸೂಚನೆ.

ಇದಕ್ಕೆ ಎರಡು ಅಪವಾದಗಳನ್ನು ನೆನಪಿಡಬೇಕು. ‘ಪಾರ್ಥ’, ‘ಕೌಂತೇಯ’ ಮೊದಲಾದ ಸಂಬೋಧನೆಗಳು ಪ್ರತ್ಯಯವಿಲ್ಲದಂತೆಯೇ ಕಾಣುತ್ತವೆ. ‘ಅರ್ಜುನ ಉವಾಚ’ ಎಂಬಲ್ಲಿ ‘ಅರ್ಜುನಃ’ ಎಂಬುದರ ವಿಸರ್ಗ ಸಂಧಿಯಲ್ಲಿ ಲೋಪವಾಗಿದೆ. ಇವು ಸಮಾಸಗಳಲ್ಲ.

ಪಠನದ ವಿರಾಮವನ್ನೂ ನಂಬಬೇಡಿ. ಉಸಿರಿಗಾಗಿ ನಿಲ್ಲಿಸುವ ಜಾಗ ಅನೇಕ ವೇಳೆ ಸಮಾಸದ ನಟ್ಟನಡುವೆ ಇರುತ್ತದೆ. ಇದರ ಉದಾಹರಣೆ ಐದನೆಯ ಹಂತದಲ್ಲಿದೆ.

2. ಕೊನೆಯಿಂದ ಓದಲು ಆರಂಭಿಸಿ

ಇಡೀ ಸಮಾಸದ ಲಿಂಗ, ವಚನ, ವಿಭಕ್ತಿಗಳು ತೋರುವುದು ಅದರ ಕೊನೆಯಲ್ಲಿ. ಆದ್ದರಿಂದ ಮೊದಲು ಕೊನೆಯ ಪದವನ್ನು ನೋಡಿ, ಅದು ವಾಕ್ಯದ ಬೇರೆ ಯಾವ ಪದಕ್ಕೆ ಹೊಂದುತ್ತದೆ ಎಂದು ಹುಡುಕಿ. ಅದು ಸ್ವತಂತ್ರ ನಾಮಪದವೋ ಇನ್ನೊಂದರ ವಿಶೇಷಣವೋ ಎಂಬುದು ಇಲ್ಲಿಯೇ ಅರ್ಧ ತೀರ್ಮಾನವಾಗಿಬಿಡುತ್ತದೆ.

ಲಲಿತಾಸಹಸ್ರನಾಮದ ‘ಮನೋರೂಪೇಕ್ಷುಕೋದಂಡಾ’ ಎಂಬ ನಾಮವನ್ನು ತೆಗೆದುಕೊಳ್ಳಿ. ಬಿಲ್ಲು ಎಂಬರ್ಥದ ‘ಕೋದಂಡ’ ಶಬ್ದ ಸ್ತ್ರೀಲಿಂಗವಲ್ಲ, ಆದರೂ ಇಲ್ಲಿ ‘ಕೋದಂಡಾ’ ಎಂದು ಸ್ತ್ರೀಲಿಂಗದ ರೂಪವಿದೆ. ಮುಂದಿನ ‘ಪಂಚತನ್ಮಾತ್ರಸಾಯಕಾ’ ಎಂಬ ನಾಮದಲ್ಲೂ ಹೀಗೆಯೇ. ಬಾಣವೆಂಬ ಅರ್ಥದ ‘ಸಾಯಕ’ ಪುಂಲಿಂಗ. ಲಿಂಗ ಬದಲಾಗಿದೆ ಎಂದರೆ ಆ ಪದ ಬಿಲ್ಲನ್ನಾಗಲಿ ಬಾಣವನ್ನಾಗಲಿ ಹೇಳುತ್ತಿಲ್ಲ, ಅವುಗಳನ್ನು ಹಿಡಿದ ದೇವಿಯನ್ನು ಹೇಳುತ್ತಿದೆ. ಮನಸ್ಸೆಂಬ ಕಬ್ಬಿನ ಬಿಲ್ಲುಳ್ಳವಳು, ಐದು ತನ್ಮಾತ್ರಗಳೆಂಬ (ಶಬ್ದ, ಸ್ಪರ್ಶ, ರೂಪ, ರಸ, ಗಂಧ) ಬಾಣಗಳುಳ್ಳವಳು ಎಂದು ಅರ್ಥ.

3. ತುಂಡುಗಳನ್ನು ಬಿಡಿಸಿ, ಆದರೆ ಸಂಧಿಯಲ್ಲಿ ಅಡಗಿದ ಅಕ್ಷರವನ್ನು ಬಿಡಬೇಡಿ

ಅತಿ ಹೆಚ್ಚು ತಪ್ಪುಗಳಾಗುವುದು ನಿಷೇಧಾರ್ಥದ ‘ಅ’ಕಾರದಲ್ಲಿ. ಗೀತೆಯ 2.38ರಲ್ಲಿ ‘ಸುಖದುಃಖೇ ಸಮೇ ಕೃತ್ವಾ ಲಾಭಾಲಾಭೌ ಜಯಾಜಯೌ’ ಎಂದಿದೆ. ‘ಜಯಾಜಯೌ’ ಎಂಬುದು ಜಯಘೋಷದ ‘ಜಯ ಜಯ’ ಅಲ್ಲ. ನಡುವಿನ ದೀರ್ಘದಲ್ಲಿ ಒಂದು ‘ಅ’ ಅಡಗಿದೆ. ಜಯ ಮತ್ತು ಅಜಯ, ಎಂದರೆ ಗೆಲುವು ಮತ್ತು ಸೋಲು. ಕೊನೆಯ ‘ಔ’ ದ್ವಿವಚನವಾದ್ದರಿಂದ ಎರಡು ವಸ್ತುಗಳನ್ನು ಹೇಳುತ್ತಿದೆ ಎಂಬುದಕ್ಕೂ ಸಾಕ್ಷಿ ಸಿಗುತ್ತದೆ.

ಸ್ವರದ ಮುಂದೆ ಈ ‘ಅ’ಕಾರ ‘ಅನ್’ ಆಗುತ್ತದೆ, ಮತ್ತು ಮುಂದಿನ ಪದ ‘ಉ’ಕಾರದಿಂದ ಆರಂಭವಾದರೆ ‘ಅನು’ ಎಂಬ ಉಪಸರ್ಗದಂತೆಯೇ ಕೇಳಿಸುತ್ತದೆ. ‘ದುಃಖೇಷ್ವನುದ್ವಿಗ್ನಮನಾಃ’ (2.56) ಎಂಬಲ್ಲಿ ಅನು + ದ್ವಿಗ್ನ ಎಂದು ಬಿಡಿಸಿದರೆ ‘ದ್ವಿಗ್ನ’ಕ್ಕೆ ಅರ್ಥವೇ ಸಿಗುವುದಿಲ್ಲ. ಅನ್ + ಉದ್ವಿಗ್ನ ಎಂದು ಬಿಡಿಸಬೇಕು. ದುಃಖಗಳು ಬಂದಾಗ ಉದ್ವೇಗಗೊಳ್ಳದ ಮನಸ್ಸುಳ್ಳವನು ಎಂದರ್ಥ. ಒಂದು ತುಂಡಿಗೆ ನಿಘಂಟಿನಲ್ಲಿ ಅರ್ಥ ಸಿಗದಿದ್ದರೆ ಬಿಡಿಸಿದ ಜಾಗವೇ ತಪ್ಪಿರಬಹುದು ಎಂದು ಮೊದಲು ಅನುಮಾನಿಸಿ.

ಸಮಾಸದಲ್ಲಿ ಕೆಲವು ಪದಗಳ ರೂಪವೂ ಬದಲಾಗುತ್ತದೆ. ಪ್ರಜ್ಞಾ ಎಂಬುದು ‘ಸ್ಥಿತಪ್ರಜ್ಞ’ದಲ್ಲಿ ಹ್ರಸ್ವವಾಗುತ್ತದೆ, ಅಕ್ಷಿ ಎಂಬುದು ‘ಪುಂಡರೀಕಾಕ್ಷ’ದಲ್ಲಿ ಅಕ್ಷವಾಗುತ್ತದೆ, ನಾಭಿ ‘ಪದ್ಮನಾಭ’ದಲ್ಲಿ ನಾಭವಾಗುತ್ತದೆ, ಮಹತ್ ಎಂಬುದು ‘ಮಹಾಬಾಹು’ವಿನಲ್ಲಿ ಮಹಾ ಆಗುತ್ತದೆ. ಅಪರೂಪಕ್ಕೆ ವಿಭಕ್ತಿ ಲೋಪವಾಗದೆಯೂ ಉಳಿಯುತ್ತದೆ. ‘ಯುಧಿಷ್ಠಿರ’ ಎಂಬಲ್ಲಿ ‘ಯುಧಿ’ ಎಂಬ ಸಪ್ತಮಿ ಹಾಗೆಯೇ ಇದೆ, ಯುದ್ಧದಲ್ಲಿ ಸ್ಥಿರನಾದವನು. ಇದಕ್ಕೆ ಅಲುಕ್ ಸಮಾಸವೆಂದು ಹೆಸರು.

4. ವಿಗ್ರಹವಾಕ್ಯ ಬರೆದು ಜಾತಿಯನ್ನು ಗುರುತಿಸಿ

ಈ ಹಂತವನ್ನು ಬಾಯಲ್ಲಿ ಮುಗಿಸಬೇಡಿ, ಬರೆದೇ ಮಾಡಿ. ಸಮಾಸಗಳ ಮುಖ್ಯ ವಿಭಾಗ ನಾಲ್ಕು. ಯಾವ ಪದದ ಅರ್ಥ ಪ್ರಧಾನ ಎಂಬುದು ವಿಭಜನೆಯ ಆಧಾರ. ಪೂರ್ವಪದದ ಅರ್ಥ ಪ್ರಧಾನವಾದರೆ ಅವ್ಯಯೀಭಾವ, ಉತ್ತರಪದದ್ದಾದರೆ ತತ್ಪುರುಷ, ಎರಡೂ ಸಮನಾಗಿದ್ದರೆ ದ್ವಂದ್ವ, ಎರಡನ್ನೂ ಬಿಟ್ಟು ಹೊರಗಿನ ಇನ್ನೊಂದು ವಸ್ತು ಪ್ರಧಾನವಾದರೆ ಬಹುವ್ರೀಹಿ. ವಿಶೇಷಣ ಮತ್ತು ವಿಶೇಷ್ಯ ಸೇರುವ ಕರ್ಮಧಾರಯ, ಸಂಖ್ಯಾವಾಚಕ ಪೂರ್ವಪದವಾಗಿರುವ ದ್ವಿಗು ಇವು ತತ್ಪುರುಷದ ಒಳಭೇದಗಳು. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಓದಿದ ಅಂಶಿ, ಕ್ರಿಯಾ, ಗಮಕ ಸಮಾಸಗಳನ್ನು ಇಲ್ಲಿಗೆ ತರಬೇಡಿ. ಅವು ಕನ್ನಡದ ಸ್ವಭಾವಕ್ಕೆ ತಕ್ಕಂತೆ ಮಾಡಿಕೊಂಡ ವಿಭಾಗಗಳು.

ಅವ್ಯಯೀಭಾವ ಸುಲಭ. ಯಥಾಶಕ್ತಿ, ಪ್ರತಿದಿನಮ್ ಮುಂತಾದವು ಕ್ರಿಯೆಯನ್ನು ವಿಶೇಷಿಸುವ ಅವ್ಯಯಗಳಾಗಿ ನಿಲ್ಲುತ್ತವೆ. ದ್ವಂದ್ವವೂ ಕಷ್ಟವಲ್ಲ: ಪ್ರತಿ ಪದಕ್ಕೂ ‘ಚ’ ಸೇರಿಸಿ ನೋಡಿ, ‘ಸುಖಂ ಚ ದುಃಖಂ ಚ ಸುಖದುಃಖೇ’. ‘ದ್ವಂದ್ವಃ ಸಾಮಾಸಿಕಸ್ಯ ಚ’ (ಗೀತೆ 10.33), ಸಮಾಸಗಳಲ್ಲಿ ನಾನು ದ್ವಂದ್ವ, ಎಂದು ಶ್ರೀಕೃಷ್ಣನೇ ತನ್ನ ವಿಭೂತಿಯಾಗಿ ಎತ್ತಿಕೊಂಡದ್ದು ಇದನ್ನೇ.

ತತ್ಪುರುಷದಲ್ಲಿ ಪೂರ್ವಪದಕ್ಕೆ ಯಾವ ವಿಭಕ್ತಿ ಕೊಡಬೇಕೆಂಬುದೇ ಪ್ರಶ್ನೆ. ಧರ್ಮಸ್ಯ ಕ್ಷೇತ್ರಂ ಧರ್ಮಕ್ಷೇತ್ರಮ್, ಷಷ್ಠಿ. ಗುಣಾನ್ ಅತೀತಃ ಗುಣಾತೀತಃ, ದ್ವಿತೀಯಾ. ಮೋಹಜಾಲೇನ ಸಮಾವೃತಾಃ ಮೋಹಜಾಲಸಮಾವೃತಾಃ, ತೃತೀಯಾ. ಉತ್ತರಪದವು ಕೇಳುವ ಪ್ರಶ್ನೆಗೆ ಉತ್ತರ ಕೊಡುವ ವಿಭಕ್ತಿಯನ್ನು ಆರಿಸಿ: ಅತೀತನಾದದ್ದು ಯಾವುದನ್ನು? ಆವೃತರಾದದ್ದು ಯಾವುದರಿಂದ? ಎಲ್ಲದಕ್ಕೂ ಷಷ್ಠಿಯನ್ನೇ ಹಾಕಿ ‘ಇದರ ಅದು’ ಎಂದು ಮುಂದೆ ಹೋಗುವುದು ಆರಂಭದ ಓದುಗರಲ್ಲಿ ತುಂಬಾ ಕಾಣುವ ಅಭ್ಯಾಸ.

ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ತತ್ಪುರುಷವೋ ಬಹುವ್ರೀಹಿಯೋ ಎಂಬ ತೀರ್ಮಾನಕ್ಕೆ. ಅಕ್ಷರ ಅಷ್ಟೇ, ಕ್ರಮ ಅಷ್ಟೇ, ಆದರೆ ಅರ್ಥ ಬೇರೆ. ‘ಪೀತಾಂಬರ’ ಎಂಬ ಪದವನ್ನು ನೋಡಿ. ‘ಪೀತಂ ಚ ತತ್ ಅಂಬರಂ ಚ’ ಎಂದರೆ ಹಳದಿ ಬಟ್ಟೆ, ಇದು ಕರ್ಮಧಾರಯ. ‘ಪೀತಮ್ ಅಂಬರಂ ಯಸ್ಯ ಸಃ’ ಎಂದರೆ ಆ ಬಟ್ಟೆಯನ್ನು ಉಟ್ಟ ವಿಷ್ಣು, ಇದು ಬಹುವ್ರೀಹಿ. ಹಾಗೆಯೇ ‘ಅನುತ್ತಮ’ ಎಂಬ ಪದ. ನಞ್ ತತ್ಪುರುಷವಾಗಿ, ಅಂದರೆ ಬರಿಯ ನಿಷೇಧವಾಗಿ ಓದಿದರೆ ‘ಉತ್ತಮವಲ್ಲದ್ದು’ ಎಂದಾಗಿಬಿಡುತ್ತದೆ. ವಿಷ್ಣುಸಹಸ್ರನಾಮದಲ್ಲಿ ಇದು ಭಗವಂತನ ಹೆಸರು, ಗೀತೆಯ 7.18ರಲ್ಲಿ ‘ಅನುತ್ತಮಾಂ ಗತಿಮ್’ ಎಂದು ಪರಮಗತಿಗೆ ವಿಶೇಷಣ. ಅಲ್ಲಿ ವಿಗ್ರಹ ‘ನ ವಿದ್ಯತೇ ಉತ್ತಮಃ ಯಸ್ಮಾತ್ ಸಃ’, ಯಾವನಿಗಿಂತ ಉತ್ತಮನಾದವನು ಇನ್ನೊಬ್ಬನಿಲ್ಲವೋ ಅವನು. ನಿಂದೆಗೂ ಸ್ತುತಿಗೂ ನಡುವಣ ಅಂತರ ಇಲ್ಲಿ ವಿಗ್ರಹವಾಕ್ಯವೊಂದರಲ್ಲೇ ಇದೆ.

ಈ ವ್ಯತ್ಯಾಸ ವೇದಕಾಲದಿಂದಲೂ ಗಂಭೀರವಾದದ್ದೆಂದು ತೋರಿಸಲು ವೈಯಾಕರಣರು ಎತ್ತಿಕೊಳ್ಳುವುದು ‘ಇಂದ್ರಶತ್ರು’ ಪದವನ್ನು. ತನ್ನ ಮಗ ವಿಶ್ವರೂಪನನ್ನು ಇಂದ್ರನು ಕೊಂದದ್ದರಿಂದ ಕೋಪಗೊಂಡ ತ್ವಷ್ಟೃವು ‘ಇಂದ್ರಶತ್ರುರ್ವರ್ಧಸ್ವ’ (ಇಂದ್ರಶತ್ರುವಾಗಿ ಬೆಳೆ) ಎಂದು ಹೋಮ ಮಾಡಿದನೆಂಬ ಪ್ರಸಂಗ ತೈತ್ತಿರೀಯ ಸಂಹಿತೆಯಲ್ಲಿದೆ. ಅವನಿಗೆ ಬೇಕಿದ್ದುದು ‘ಇಂದ್ರನನ್ನು ಕೊಲ್ಲುವವನು’ ಎಂಬ ತತ್ಪುರುಷ; ಅದಕ್ಕೆ ಉದಾತ್ತಸ್ವರ (ಎತ್ತರಿಸಿ ಹೇಳುವ ಸ್ವರ) ಪದದ ಕೊನೆಯಲ್ಲಿ ಬರಬೇಕು. ಬಹುವ್ರೀಹಿಯಲ್ಲಿ ಪೂರ್ವಪದದ ಸ್ವರವೇ ಉಳಿಯುತ್ತದೆ. ಉಚ್ಚಾರದಲ್ಲಿ ಮೊದಲಿಗೆ ಉದಾತ್ತ ಬಿದ್ದು ‘ಇಂದ್ರನೇ ಯಾರನ್ನು ಕೊಲ್ಲುವವನೋ ಅವನು’ ಎಂಬ ಅರ್ಥವಾಯಿತು, ಆ ಹೋಮದಿಂದ ಹುಟ್ಟಿದ ವೃತ್ರ ಇಂದ್ರನಿಂದಲೇ ಹತನಾದ. ವೇದಮಂತ್ರಗಳಲ್ಲಿ ಹೀಗೆ ಸ್ವರದ ಸಹಾಯವಿದೆ. ಗೀತೆ, ಪುರಾಣ, ಸ್ತೋತ್ರಗಳಲ್ಲಿ ಸ್ವರದ ಗುರುತು ಇಲ್ಲವಾದ್ದರಿಂದ ಲಿಂಗ, ವಾಕ್ಯಸಂಬಂಧ ಮತ್ತು ಪ್ರಕರಣ ಇವನ್ನೇ ಆಧರಿಸಬೇಕು.

ಸಂಖ್ಯೆಯಿಂದ ಆರಂಭವಾದದ್ದೆಲ್ಲ ದ್ವಿಗು ಎಂದು ಭಾವಿಸುವುದೂ ತಪ್ಪು. ‘ಪಂಚವಟೀ’ ಐದು ವಟವೃಕ್ಷಗಳ ಸಮೂಹ, ದ್ವಿಗು. ಆದರೆ ‘ಚತುರ್ಭುಜ’, ‘ದಶಾನನ’, ‘ತ್ರಿನೇತ್ರ’ ಬಹುವ್ರೀಹಿಗಳು. ಗೀತೆಯ 5.13ರ ‘ನವದ್ವಾರೇ ಪುರೇ’ ಎಂಬಲ್ಲಿಯೂ ‘ಒಂಬತ್ತು ಬಾಗಿಲುಗಳಲ್ಲಿ’ ಎಂದಲ್ಲ, ‘ಒಂಬತ್ತು ಬಾಗಿಲುಗಳುಳ್ಳ ಪುರದಲ್ಲಿ’ ಎಂದು ಅರ್ಥ.

5. ಉದ್ದ ಸಮಾಸವನ್ನು ಒಳಗಿನಿಂದ ಹೊರಕ್ಕೆ ಕಟ್ಟಿ

ಎರಡಕ್ಕಿಂತ ಹೆಚ್ಚು ಪದಗಳಿದ್ದರೆ ಯಾವ ಎರಡು ಮೊದಲು ಸೇರಿದವು ಎಂದು ಕಂಡುಕೊಂಡು ಒಂದೊಂದೇ ಪದರವಾಗಿ ವಿಗ್ರಹ ಬರೆಯಬೇಕು. ‘ವೀತರಾಗಭಯಕ್ರೋಧಃ’ (ಗೀತೆ 2.56) ಚಿಕ್ಕ ಉದಾಹರಣೆ. ರಾಗಶ್ಚ ಭಯಂ ಚ ಕ್ರೋಧಶ್ಚ ಎಂಬ ದ್ವಂದ್ವ ಮೊದಲು. ಅನಂತರ ‘ವೀತಾಃ ರಾಗಭಯಕ್ರೋಧಾಃ ಯಸ್ಮಾತ್ ಸಃ’ ಎಂಬ ಬಹುವ್ರೀಹಿ. ಮೊದಲ ಎರಡು ಪದಗಳನ್ನೇ ಸೇರಿಸಿ ‘ವೀತರಾಗ’ ಎಂದು ಬೇರೆ ಮಾಡಿ, ಭಯಕ್ರೋಧಗಳನ್ನು ಆಮೇಲೆ ಅಂಟಿಸಲು ಹೋದರೆ ಭಯವೂ ಕ್ರೋಧವೂ ತೊಲಗಿದವು ಎಂಬ ಅರ್ಥ ಕೈತಪ್ಪಿಹೋಗುತ್ತದೆ.

ಇನ್ನು ಲಲಿತಾಸಹಸ್ರನಾಮದ ‘ನಿಜಾರುಣಪ್ರಭಾಪೂರಮಜ್ಜದ್ಬ್ರಹ್ಮಾಂಡಮಂಡಲಾ’. ಹದಿನಾರು ಅಕ್ಷರಗಳ ಅರ್ಧ ಶ್ಲೋಕವೇ ಒಂದು ಪದ, ಒಂದೇ ನಾಮ. ಹೇಳುವಾಗ ‘ಪೂರ’ದ ಬಳಿ ನಿಲ್ಲಿಸಿ ‘ಮಜ್ಜದ್’ ಎಂದು ಮುಂದುವರಿಸುತ್ತೇವೆ. ಛಂದಸ್ಸಿಗೆ ಅದು ಸರಿ, ಅರ್ಥಕ್ಕೆ ಅಲ್ಲಿ ಗಡಿಯಿಲ್ಲ. ಪದರಗಳು ಹೀಗಿವೆ. ಅರುಣಾ ಚಾಸೌ ಪ್ರಭಾ ಚ ಅರುಣಪ್ರಭಾ, ಕೆಂಪು ಕಾಂತಿ. ನಿಜಾ ಅರುಣಪ್ರಭಾ, ತನ್ನದೇ ಆದ ಕೆಂಪು ಕಾಂತಿ. ತಸ್ಯಾಃ ಪೂರಃ, ಆ ಕಾಂತಿಯ ಪ್ರವಾಹ. ತಸ್ಮಿನ್ ಮಜ್ಜಂತಿ, ಅದರಲ್ಲಿ ಮುಳುಗುತ್ತಿರುವಂಥವು. ಯಾವುವು? ಬ್ರಹ್ಮಾಂಡಾನಾಂ ಮಂಡಲಾನಿ, ಬ್ರಹ್ಮಾಂಡಗಳ ಸಮೂಹಗಳು. ಕೊನೆಗೆ ‘ಯಸ್ಯಾಃ ಸಾ’ ಸೇರಿ, ತನ್ನ ಕೆಂಪು ಕಾಂತಿಯ ಪ್ರವಾಹದಲ್ಲಿ ಬ್ರಹ್ಮಾಂಡಮಂಡಲಗಳನ್ನೇ ಮುಳುಗಿಸಿರುವವಳು ಎಂಬ ಅರ್ಥ ದೊರೆಯುತ್ತದೆ. ಮಜ್ಜತ್ ಎಂಬುದರ ತಕಾರ ಮುಂದಿನ ಬಕಾರದಿಂದಾಗಿ ದಕಾರವಾಗಿದೆ ಎಂಬುದನ್ನೂ ಗಮನಿಸಿ. ಇಷ್ಟನ್ನು ಒಮ್ಮೆ ಬರೆದುಕೊಂಡವರು ಈ ನಾಮವನ್ನು ಮುಂದೆಂದೂ ಬರಿಯ ಶಬ್ದವಾಗಿ ಹೇಳಲಾರರು.

6. ಎರಡು ವಿಗ್ರಹಗಳು ಸಾಧ್ಯವಾದರೆ ಎರಡನ್ನೂ ಬರೆದಿಟ್ಟುಕೊಳ್ಳಿ

ಗೀತೆಯ 2.47ರ ‘ಮಾ ಕರ್ಮಫಲಹೇತುರ್ಭೂಃ’ ಎಂಬುದನ್ನು ನೋಡಿ. ‘ಕರ್ಮಫಲಸ್ಯ ಹೇತುಃ’ ಎಂದು ತತ್ಪುರುಷ ಮಾಡಿದರೆ ‘ಕರ್ಮಫಲ ಉಂಟಾಗಲು ನೀನು ಕಾರಣನಾಗಬೇಡ’ ಎಂದಾಗುತ್ತದೆ. ‘ಕರ್ಮಫಲಂ ಹೇತುಃ ಯಸ್ಯ’ ಎಂದು ಬಹುವ್ರೀಹಿ ಮಾಡಿದರೆ ‘ಫಲವನ್ನೇ ಪ್ರೇರಣೆಯಾಗಿ ಉಳ್ಳವನಾಗಬೇಡ’ ಎಂದಾಗುತ್ತದೆ. ‘ಹೇತು’ ಪುಂಲಿಂಗವೇ ಆದ್ದರಿಂದ ರೂಪದಿಂದ ತೀರ್ಮಾನವಾಗದು. ಶಂಕರರ ಭಾಷ್ಯ ಮೊದಲ ದಾರಿಯಲ್ಲಿ ಹೋಗುತ್ತದೆ, ಎರಡನೆಯದನ್ನು ಹಿಡಿದ ವ್ಯಾಖ್ಯಾನಕಾರರೂ ಇದ್ದಾರೆ. ಎರಡು ಶ್ಲೋಕಗಳ ಬಳಿಕ ಬರುವ ‘ಕೃಪಣಾಃ ಫಲಹೇತವಃ’ (2.49) ಎಂಬಲ್ಲಿ ಫಲಕ್ಕಾಗಿಯೇ ಕೆಲಸ ಮಾಡುವವರು ಎಂಬ ಬಹುವ್ರೀಹಿ ಸ್ಪಷ್ಟವಾಗಿರುವುದರಿಂದ ನನಗೆ ಎರಡನೆಯ ವಿಗ್ರಹವೇ ಹೆಚ್ಚು ಸಹಜವೆನಿಸುತ್ತದೆ. ಹೀಗೆ ಅದೇ ಗ್ರಂಥದ ಹತ್ತಿರದ ಪ್ರಯೋಗವನ್ನು ಹುಡುಕಿ ಹೋಲಿಸುವುದು ಒಳ್ಳೆಯ ಪರೀಕ್ಷೆ.

ಒಬ್ಬರೇ ಭಾಷ್ಯಕಾರರು ಎರಡನ್ನೂ ಕೊಡುವುದುಂಟು. ಬ್ರಹ್ಮಸೂತ್ರದ ‘ಶಾಸ್ತ್ರಯೋನಿತ್ವಾತ್’ (1.1.3) ಎಂಬಲ್ಲಿ ಬ್ರಹ್ಮವು ಶಾಸ್ತ್ರಕ್ಕೆ ಕಾರಣ ಎಂದು ತತ್ಪುರುಷವಾಗಿಯೂ, ಬ್ರಹ್ಮವನ್ನು ತಿಳಿಯಲು ಶಾಸ್ತ್ರವೇ ಕಾರಣ, ಅಂದರೆ ಪ್ರಮಾಣ ಎಂದು ಬಹುವ್ರೀಹಿಯಾಗಿಯೂ ಶಂಕರರೇ ವಿವರಿಸುತ್ತಾರೆ.

ಸಂಪ್ರದಾಯಭೇದವಿರುವಲ್ಲಿ ಇನ್ನಷ್ಟು ವಿನಯ ಬೇಕು. ಈಶೋಪನಿಷತ್ತಿನ ಆರಂಭವನ್ನು ಶಂಕರರು ‘ಈಶಾ ವಾಸ್ಯಮ್’ ಎಂದು ಎರಡು ಪದಗಳಾಗಿ ಓದುತ್ತಾರೆ, ಈಶ್ವರನಿಂದ ಆಚ್ಛಾದಿಸಬೇಕಾದದ್ದು ಎಂದರ್ಥ. ಮಧ್ವರ ಪ್ರಕಾರ ಅದು ‘ಈಶಾವಾಸ್ಯಮ್’ ಎಂಬ ಒಂದೇ ಸಮಾಸ, ಈಶನ ಆವಾಸಕ್ಕೆ ಯೋಗ್ಯವಾದದ್ದು. ಮೊದಲು ಹೇಳಿದ ‘ತತ್ತ್ವಮಸಿ’ಯಲ್ಲಿಯೂ ಹಿಂದಿನ ‘ಆತ್ಮಾ’ ಪದದೊಂದಿಗೆ ಸಂಧಿ ಬಿಡಿಸಿ ‘ಅತತ್ ತ್ವಮಸಿ’ (ನೀನು ಅದಲ್ಲ) ಎಂದು ಓದುವುದು ಮಾಧ್ವ ಕ್ರಮ. ಶ್ರೀಪಾದರಾಜರ ವೃಂದಾವನವಿರುವ ಮುಳಬಾಗಿಲಿನಲ್ಲಿ ಪಾಠ ಕೇಳಿದವರೂ, ಅದೇ ತಾಲ್ಲೂಕಿನ ಆವನಿಯ ಅದ್ವೈತ ಮಠದಲ್ಲಿ ಕೇಳಿದವರೂ ಒಂದೇ ಪಾರಾಯಣದಲ್ಲಿ ಕುಳಿತಾಗ ಈ ಭೇದ ಎದ್ದು ಬರುತ್ತದೆ. ವ್ಯಾಕರಣ ಎರಡಕ್ಕೂ ಅವಕಾಶ ಕೊಡುವಲ್ಲಿ ಒಂದನ್ನು ‘ತಪ್ಪು’ ಎಂದು ಸಾರಬೇಡಿ; ಯಾರ ಮತದಲ್ಲಿ ಯಾವ ವಿಗ್ರಹ ಎಂದು ಹೆಸರಿಸಿ ಬರೆದುಕೊಳ್ಳಿ.

7. ಕೊನೆಗೆ ಕನ್ನಡದ ವಾಕ್ಯ ಬರೆಯಿರಿ

‘ಯಾರಿಂದ ರಾಗಭಯಕ್ರೋಧಗಳು ಹೋಗಿವೆಯೋ ಅವನು’ ಎಂಬುದು ವಿಗ್ರಹದ ನೆರಳು, ಕನ್ನಡದ ಮಾತಲ್ಲ. ‘ರಾಗ, ಭಯ, ಕ್ರೋಧಗಳು ತೊಲಗಿದವನು’ ಎಂದರೆ ಸಾಕು. ಬಹುವ್ರೀಹಿಯನ್ನು ‘-ಉಳ್ಳವನು’, ‘-ಇಲ್ಲದವನು’ ಅಥವಾ ಇಂಥ ಕೃದಂತದಿಂದಲೂ, ತತ್ಪುರುಷವನ್ನು ನಮ್ಮ ವಿಭಕ್ತಿಯಿಂದಲೂ, ದ್ವಂದ್ವವನ್ನು ‘-ಊ’ ಅಥವಾ ‘ಮತ್ತು’ ಸೇರಿಸಿಯೂ ಹೇಳಬಹುದು.

ಅಭ್ಯಾಸಕ್ಕೆ ನಮ್ಮ ಸುತ್ತಲಿನ ದೇವರ ಹೆಸರುಗಳಿಂದಲೇ ಆರಂಭಿಸಿ. ದೇವರಾಯನದುರ್ಗದ ಬೆಟ್ಟದ ಮೇಲಿನ ಯೋಗನರಸಿಂಹನಲ್ಲಿ ‘ಯೋಗಸ್ಥಃ ನರಸಿಂಹಃ’ ಎಂದು ನಡುವಿನ ಪದ ಲೋಪವಾಗಿದೆ. ಇದಕ್ಕೆ ಮಧ್ಯಮಪದಲೋಪಿ ಎನ್ನುತ್ತಾರೆ. ಗೊರವನಹಳ್ಳಿಯ ಮಹಾಲಕ್ಷ್ಮಿ ‘ಮಹತೀ ಚಾಸೌ ಲಕ್ಷ್ಮೀಶ್ಚ’ ಎಂಬ ಕರ್ಮಧಾರಯ. ಅದೇ ‘ಮಹಾ’ ಪೂರ್ವಪದವಾಗಿರುವ ‘ಮಹಾತ್ಮಾ’ ಮಾತ್ರ ‘ಮಹಾನ್ ಆತ್ಮಾ ಯಸ್ಯ ಸಃ’ ಎಂಬ ಬಹುವ್ರೀಹಿ. ಕೋಲಾರದ ಸೋಮೇಶ್ವರನ ಹೆಸರನ್ನು ‘ಸೋಮಸ್ಯ ಈಶ್ವರಃ’, ಚಂದ್ರನಿಗೆ ಒಡೆಯ, ಎಂದು ಬಿಡಿಸಬಹುದು. ‘ಉಮಯಾ ಸಹಿತಃ ಸೋಮಃ’ ಎಂದು ಬಿಡಿಸುವ ಕ್ರಮವೂ ಇದೆ. ಇವಾದ ಮೇಲೆ ಗೀತೆಯ 6.8ರ ‘ಸಮಲೋಷ್ಟಾಶ್ಮಕಾಂಚನಃ’ ಎಂಬುದನ್ನು ನೀವೇ ಪದರಪದರವಾಗಿ ಬಿಡಿಸಿ. ಲೋಷ್ಟ ಎಂದರೆ ಮಣ್ಣುಹೆಂಟೆ, ಅಶ್ಮನ್ ಎಂದರೆ ಕಲ್ಲು, ಕಾಂಚನ ಎಂದರೆ ಚಿನ್ನ. ಒಳಗಿನದು ದ್ವಂದ್ವ, ಹೊರಗಿನದು ಬಹುವ್ರೀಹಿ, ಮತ್ತು ಅಶ್ಮನ್ ಶಬ್ದದ ನಕಾರ ಸಮಾಸದಲ್ಲಿ ಲೋಪವಾಗಿದೆ.